ಗಂಟಲಲ್ಲಿ ಸಿಕ್ಕ ಮೀನು

ಮಳೆಗೆ ಕೆಂಪೇರಿದ ಶರಾವತಿಯನ್ನು ದಾಟುವಷ್ಟೂ ಹೊತ್ತು, ಗಂಡನ ಎರಡೂ ಕೈಗಳು ಅವನ ಬಾಯಿಗೆ ತಾಗದಂತೆ ಹಿಡಿದಿಟ್ಟವಳು ಲಕ್ಕಿ. ಹೊಳೆಗೆ ಸೇತುವೆಯಿಲ್ಲದ ಕಾಲದ ಆ ಸಾಹಸವನ್ನು ಅಪ್ಸರಕೊಂಡದ ಕೇರಿ ಇನ್ನೂ ಮರೆತಿಲ್ಲ.

ಮೊದಲ ಮಳೆಗೆ ಗದ್ದೆಗೆ ಮೀನು ಹತ್ತಿತ್ತು. ಲಕ್ಕಿಯ ಗಂಡ ಶುಕ್ರ ಒಂದನ್ನು ಹಿಡಿದ; ಇನ್ನೊಂದು ಕಾಲ ಬಳಿ ಮಿಂಚಿತು. ಕೇರಿಯವರೆಲ್ಲ ಮಾಡುವಂತೆ ಮೊದಲನೆಯದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿದ. ಜೀವವಿದ್ದ ಮೀನು ಕೊಸರಿ ಗಂಟಲಿಗೆ ನುಗ್ಗಿತು. ಓಡಿಬಂದ ಲಕ್ಕಿ ಬಾಲ ಹಿಡಿದು ಎಳೆದಳು. ಮೀನಿನ ಬೆನ್ನಿನ ಮುಳ್ಳುಗಳು ಗಂಟಲೊಳಗೆ ಕೊಡೆಯಂತೆ ಬಿಚ್ಚಿಕೊಂಡವು; ಬಾಯ್ತುಂಬ ರಕ್ತ. ಎಳೆದರೆ ಸಾವು ಎಂಬುದು ಅವಳಿಗೆ ಆ ಕ್ಷಣವೇ ತಿಳಿಯಿತು.

ಶುಕ್ರನಿಗೆ ತಿಳಿಯಲಿಲ್ಲ. ಆಸ್ಪತ್ರೆಗೆ ಹೊರಟ ದೋಣಿಯಲ್ಲಿ ಅವನ ಕೈಗಳು ಹುಚ್ಚೆದ್ದು ಬಾಯಿಗೆ ಹಾರುತ್ತಿದ್ದವು. ಲಕ್ಕಿ ಅವನ್ನು ಮುಷ್ಟಿಯಲ್ಲಿ ಬಿಗಿದು ಎದೆಗೊತ್ತಿಕೊಂಡಳು.

"ಎಳ್ದು ಬಿಸಾಕೆ, ಲಕ್ಕಿ! ಗಂಡನ್ನ ಕೊಲ್ಲೂಕೆ ಹೊರಟ್ಯ?" ಎಂದು ಅಂಬಿಗ ದಾಸ ಕೂಗಿದ.

"ನೀ ಹುಟ್ಟು ಹಾಕು, ದಾಸಣ್ಣ. ಬಾಯಿಂದ ದೋಣಿ ಹೋಗೂದಿಲ್ಲ."

ಮೀನಿನ್ನೂ ಸತ್ತಿರಲಿಲ್ಲ. ಅದು ಬಾಲ ಬಡಿದಾಗಲೆಲ್ಲ ಶುಕ್ರನ ಮುಖ ನೀಲಿಗಟ್ಟುತ್ತಿತ್ತು; ಸುಮ್ಮನಾದಾಗ ಒಂದೆಳೆ ಉಸಿರು ನುಸುಳುತ್ತಿತ್ತು. ಲಕ್ಕಿ ಆ ಮೀನನ್ನೇ ಬೇಡಿಕೊಂಡಳು: "ಅಲ್ಲಾಡ್ಬೇಡೇ ತಾಯಿ, ಹೊಳೆ ದಾಟೂ ತನಕ."

ಹೊನ್ನಾವರದ ಆಸ್ಪತ್ರೆಯಲ್ಲಿ ಹೊಸ ಡಾಕ್ಟರು ಬಾಯೊಳಗೆ ಬೆಳಕು ಹಾಯಿಸಿ ನೋಡಿದವರೇ ಬಿಳಿಚಿಕೊಂಡರು. "ಇಂಥದ್ದನ್ನು ಪುಸ್ತಕದಲ್ಲೂ ಕಂಡಿಲ್ಲ. ಗಂಟಲು ಕೊಯ್ದು ಉಸಿರಿಗೆ ದಾರಿ ಮಾಡಬೇಕು. ಮತ್ತಿನ ಮದ್ದಿಗೂ ಹೊತ್ತಿಲ್ಲ. ಕೈ ಹಿಡಿದುಕೊಳ್ಳಮ್ಮಾ."

"ಕೊಯ್ಯೂದ್ರಾ? ಗಂಟ್ಲನ್ನ?"

ಡಾಕ್ಟರು ಕತ್ತಿ ಎತ್ತಿಕೊಂಡರು. ಶುಕ್ರ ಅವಳನ್ನೇ ನೋಡುತ್ತಿದ್ದ. ಮನೆಯಲ್ಲಿ ಅವನು ಕೋಳಿ ಕೊಯ್ಯುವಾಗ ಕಾಲು ಹಿಡಿದುಕೊಡುತ್ತಿದ್ದವಳು ಅವಳು. ಕಣ್ಣು ಮುಚ್ಚಿ, ಈಗ ಅವನ ಕೈಗಳನ್ನು ಹಿಡಿದುಕೊಟ್ಟಳು.

ಕೈಗಳು ಒಮ್ಮೆ ಸೆಟೆದು ಸಡಿಲವಾದವು. ಹೋದ ಎಂದುಕೊಂಡಳು. ಆಗ ಕೊಯ್ದ ಗಂಟಲಿನಿಂದ ಸುಂಯ್ ಎಂದು, ಬಿದಿರ ಕೊಳವೆಗೆ ಗಾಳಿ ಹೊಕ್ಕಂತೆ, ಉಸಿರು ಬಂತು. ಮೀನನ್ನು ತುಂಡು ತುಂಡಾಗಿ ತೆಗೆದದ್ದು ಆಮೇಲೆ.

ಮಗಳಿಗೆ ಹೇಳುವ ಈ ಕತೆ ಇಲ್ಲಿಗೆ ಬಂದಾಗಲೆಲ್ಲ ಲಕ್ಕಿ ಬಾಗಿಲತ್ತ ತಿರುಗುತ್ತಾಳೆ. ಜಗಲಿಯಲ್ಲಿ ಮಲಗಿದ ಶುಕ್ರನ ಉಸಿರಿಗೆ ಅವಳು ಕಿವಿಗೊಡುತ್ತಾಳೆ. ಮಗಳು ಮಂಜಿಯ ಎರಡೂ ಮಣಿಕಟ್ಟುಗಳು ಅವಳ ಮುಷ್ಟಿಯಲ್ಲಿ ಕೆಂಪಾಗಿರುತ್ತವೆ.

"ಅವ್ವಿ, ಕೈ ನೋಯ್ತದೆ," ಎನ್ನುತ್ತಾಳೆ ಮಂಜಿ. ಬಿಡಿಸಿಕೊಳ್ಳುವುದಿಲ್ಲ. "ಇನ್ನೊಂದ್ ಸಲ ಹೇಳು."