ಹನ್ನೆರಡು ಬೆನ್ನಿನ ಮುಯ್ಯಿ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರು ಬೆಳಗಿನಿಂದಲೇ ಸೀನುತ್ತ ಚೀಲ ಹೊರುತ್ತಿದ್ದರು. ಶುಕ್ರವಾರವಾದ್ದರಿಂದ ಆರೋಗ್ಯ ಇಲಾಖೆಯ ಮೇಡಂ ಬೆನ್ನಿನ ನೋವು ಅಳೆಯಲು ಬರುವವರಿದ್ದರು. ನೋವು ಕಂಡರೆ ಒಂದು ವಾರ ಕಡ್ಡಾಯ ವಿಶ್ರಾಂತಿ. ವಿಶ್ರಾಂತಿಗೆ ಕೂಲಿ ಇಲ್ಲ.

ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವಂತೆ ಇವರಲ್ಲೂ ಒಂದು ಮುಯ್ಯಿ ಇತ್ತು. ಪ್ರತಿ ಶುಕ್ರವಾರ ಒಬ್ಬನ ಬೆನ್ನಿಗೆ ಉಳಿದ ಹನ್ನೊಂದು ಜನ ಬೆನ್ನು ಹಚ್ಚಿ ತಮ್ಮ ನೋವು ದಾಟಿಸುವರು. ಅವನು ಚೀಲಗಳ ಹಿಂದೆ ಅಡಗುವನು. ಮೇಡಂ ಹೋದಮೇಲೆ ಅವರವರ ನೋವು ಅವರವರಿಗೆ. ಇವತ್ತು ಫಕೀರಪ್ಪನ ಪಾಳಿ.

“ಹಗೂರ ಯಣ್ಣಾ, ಮನ್ಯಾಗ ವೈನಿ ಬೈದ ನೋವೂ ಇದರಾಗ ಕೂಡೇತೇನು?” ಎಂದು ಅವನು ಹಲ್ಲು ಕಚ್ಚಿದ.

“ಅದು ನನಗಽ ಇರ್ಲಿ ಬಿಡೋ ತಮ್ಮಾ,” ಎಂದ ಹಿರಿಯ ಚನ್ನವೀರಣ್ಣ.

ಹನ್ನೊಂದು ಬೆನ್ನು ಅಳೆದು ಮುಗಿಸಿದ ಮೇಡಂ ಕೂಗಿದರು: “ಫಕೀರಪ್ಪ ಎಲ್ಲಿ? ಮೂರು ತಿಂಗಳಿಂದ ಒಂದು ವಾರವೂ ತಪ್ಪಿಸದೆ ಸೊನ್ನೆ ನೋವು! ಈ ವರ್ಷದ ಆರೋಗ್ಯವಂತ ಹಮಾಲ ಅವರೇ.”

ನರಳಿದರೆ ಗುಟ್ಟು ಹೊರಬಿದ್ದು ಹನ್ನೆರಡೂ ಮನೆಯ ಒಲೆ ಆರುತ್ತಿತ್ತು. ಫಕೀರಪ್ಪ ನಗುತ್ತಲೇ ಹೊರಬಂದು ಹಾರಕ್ಕೆ ಕೊರಳೊಡ್ಡಿದ. ಸೊನ್ನೆ ಎಂದು ಗೊತ್ತಿದ್ದ ಬೆನ್ನನ್ನು ಮೇಡಂ ಅಳೆಯಲೂ ಇಲ್ಲ.

“ಜೀಪು ಹತ್ತಿ. ಒಂದು ವಾರ ಊರೂರಿನ ಹಮಾಲರಿಗೆ ನೋವಿಲ್ಲದೆ ಚೀಲ ಎತ್ತೋದು ತೋರಿಸಬೇಕು.”

“ಒಂದ್ ಗಳಿಗಿ ನಮ್ಮ ಮಂದೀನ ಮಾತಾಡ್ಸಿ ಬರ್ತೀನ್ರೀ.”

“ಬಂದಮೇಲೆ ಮಾತಾಡಿಸಿ.”

ಜೀಪಿನ ಧೂಳು ಅಡಗುವವರೆಗೆ ಹನ್ನೊಂದು ಜನ ನೋಡುತ್ತ ನಿಂತರು.

“ಪಾಪ, ನಮ್ಮ ನೋವು ತಿರುಗಿ ಇಸಕೊಳ್ಳೋದು ಉಳೀತು,” ಎಂದು ನಿಟ್ಟುಸಿರು ಬಿಟ್ಟ ಚನ್ನವೀರಣ್ಣ, ಎಷ್ಟೋ ವರ್ಷಗಳ ಮೇಲೆ ಎರಡು ಚೀಲ ಒಟ್ಟಿಗೆ ಹೊತ್ತ.