ಹೊಸ ಸೆಟ್ಟಿನ ಮಾತು

"ಇದು ನಮ್ಮವರಾ, ವಿನಾಯಕಣ್ಣ?" ಜುಬೈದಾ ಹಳೆಯ ರೇಡಿಯೊಗೆ ಕಿವಿಗೊಟ್ಟಿದ್ದಳು. ಒಳಗಿನಿಂದ ಬಾತುಕೋಳಿ ಕೂಗಿದಂಥ ಸದ್ದು ಬರುತ್ತಿತ್ತು.

ಕೇರಳದ ವಿಳಿಂಜಂ ಬಂದರಿನಿಂದ ಮೀನಿಗೆ ಹೊರಟ ಅವಳ ಗಂಡ ಇಬ್ರಾಹಿಂನ ಬೋಟು ಎರಡು ದಿನದಿಂದ ಬಿರುಗಾಳಿಯಲ್ಲಿತ್ತು. ಮೊದಲೆಲ್ಲ ಅವನು ಬೋಟಿನಿಂದ ಆಡಿದ ಮಾತು ಈ ರೇಡಿಯೊದಲ್ಲಿ ಕೇಳುತ್ತಿತ್ತು. ಹೋದ ವಾರ ರೇಡಿಯೊ ರಿಪೇರಿಯ ವಿನಾಯಕ್ ಬೋಟಿಗೆ ಹೊಸ ಬಗೆಯ ವೈರ್‌ಲೆಸ್ ಸೆಟ್ಟು ಕೂರಿಸಿದ್ದ. ಮಾತು ಹೆಚ್ಚು ದೂರ ಮುಟ್ಟುತ್ತದೆ ಎಂದಿದ್ದ. ಮನೆಯ ಹಳೆಯ ರೇಡಿಯೊದಲ್ಲಿ ಆ ಮಾತು ತಿಳಿಯುವಂತೆ ಕೇಳುವುದಿಲ್ಲ ಎಂದು ಹೇಳುವುದನ್ನೇ ಮರೆತಿದ್ದ.

"ಅವರೇ," ಎಂದ ವಿನಾಯಕ್, ಗುಂಡಿ ತಿರುಗಿಸುತ್ತಾ. "ಏನಂತಾರೆ ಅಂತ ಇದರಲ್ಲಿ ಗೊತ್ತಾಗಲ್ಲ."

"ಮನುಷ್ಯನನ್ನ ಬಾತುಕೋಳಿ ಮಾಡಿಟ್ರಲ್ಲ."

ಸದ್ದು ಪ್ರಶ್ನೆಯಂತೆ ಮೇಲೇರಿ ನಿಂತಿತು. ಕೇಳಲು ಮಾತ್ರ ಬರುವ ಆ ರೇಡಿಯೊವನ್ನು ಜುಬೈದಾ ವಿನಾಯಕನತ್ತ ತಳ್ಳಿದಳು.

"ಏನೋ ಕೇಳಿದ್ರು. ಹೇಳಿ ಅಣ್ಣ, ಕಾಯ್ತಿದ್ದಾರೆ."