ಹಿಲ್ಡಾಳ ಪಾಲಿನ ಹಾಡು

ಕ್ಯಾಸೆಟ್ಟು, ಫೋನು, ರೇಡಿಯೋ ಎಲ್ಲವೂ ಒಂದೇ ದಿನ ಮೂಕವಾಗಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಒಂದೊಂದು ಹಾಡು ಒಬ್ಬೊಬ್ಬರ ನೆನಪಿನಲ್ಲಿ ಮಾತ್ರ ಉಳಿದಿತ್ತು. ಕೇಳಿದ ಬೇರೆಯವರಿಗೆ ಮರುದಿನ ಮರೆತುಹೋಗುತ್ತಿತ್ತು. ಮಂಗಳೂರಿನ ಹಿಲ್ಡಾಳ ಪಾಲಿಗೆ ಬಂದದ್ದು ಎಪ್ಪತ್ತರ ದಶಕದ ಒಂದು ಇಂಗ್ಲಿಷ್ ಹಾಡು. ಅವಳ ಮದುವೆಯಲ್ಲಿ ಬ್ಯಾಂಡಿನವರು ಅದನ್ನು ಮೂರು ಸಲ ನುಡಿಸಿದ್ದರಂತೆ.

ಉಳಿದ ಹಾಡುಗಳ ಲೆಕ್ಕ ಇಡುವ ಸರ್ಕಾರಿ ಕಚೇರಿಗೆ ವರ್ಷಕ್ಕೊಮ್ಮೆ ಹೋಗಿ ಹಾಡಿ ತೋರಿಸಬೇಕಿತ್ತು. ಈ ಸಲ ಲಕ್ವ ಹೊಡೆದು ಹಿಲ್ಡಾಳ ಮಾತು ನಿಂತುಹೋಗಿತ್ತು. ಗಂಡ ಸಿಲ್ವೆಸ್ಟರ್ ಅವಳನ್ನು ಗಾಲಿಕುರ್ಚಿಯಲ್ಲಿ ಕರೆತಂದ.

"ಎರಡು ತಿಂಗಳಿಂದ ಒಂದು ಶಬ್ದ ಇಲ್ಲ ಮೇಡಂ," ಎಂದ.

"ಗಡಿಬಿಡಿ ಬೇಡ ಮಾರಾಯ್ರೆ, ಸ್ವಲ್ಪ ಕಾಯುವ," ಎಂದರು ಅಧಿಕಾರಿ ಶಶಿಕಲಾ. "ಹಾಡದಿದ್ರೆ ಮಾತ್ರ, ಹಾಡು ಹೋಯ್ತು ಅಂತ ಬರೀಬೇಕಾಗ್ತದೆ."

ದಿಕ್ಕು ತೋಚದೆ ಸಿಲ್ವೆಸ್ಟರ್ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ. ಆ ಹಾಡಿನದೆಂದು ಅವನಲ್ಲಿ ಉಳಿದದ್ದು ಅಷ್ಟೇ. ಹಿಲ್ಡಾಳ ತುಟಿ ಅಲುಗಿತು. ಆಮೇಲೆ ಹಾಡೇ ಬಂತು, ಒಂದು ಪದವೂ ತಪ್ಪದೆ, ಕೊನೆಯ ಎತ್ತರದ ಸ್ವರದವರೆಗೂ. ಶಶಿಕಲಾ ಮೇಜಿನಡಿ ಕಾಲು ಕುಣಿಸುತ್ತ ಮೊಹರು ಒತ್ತಿದರು.

ಸಿಲ್ವೆಸ್ಟರ್ ಕಣ್ಣೊರೆಸಿಕೊಂಡು ಕುರ್ಚಿ ತಿರುಗಿಸಿದ. ಆಗ ಹಿಲ್ಡಾ ಅದೇ ರಾಗಕ್ಕೆ ಬೇರೆ ಮಾತು ಕೂಡಿಸಿ ಹಾಡಿದಳು: "ಹಸಿವಾಗ್ತದೆ, ನಂಗೆ ಗಂಜಿ ಸಾಕಾಯ್ತು..."

ಸಿಲ್ವೆಸ್ಟರನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಮತ್ತೆ ಎಂತ ಬೇಕು, ಹೇಳು!" ಎಂದು ಅವನೂ ಅಪಸ್ವರದಲ್ಲೇ ಹಾಡಿದ.